ಸರ್ ಲೆಸ್ಲಿ ಮಿಲ್ಲರ್ ಅವರಿಗೆ, ದಾವಣಗೆರೆಯಿಂದ

ಮಾನ್ಯ ಮಿಲ್ಲರ್ ಅವರೇ,

ನೀವು ಮೈಸೂರು ಸಂಸ್ಥಾನದ ಚೀಫ್ ಜಡ್ಜ್ ಆಗಿದ್ದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಒಂದು ವ್ಯಾಪಾರದ ಊರು. ಹತ್ತಿಯ ಅಂಡಿಗೆ, ದಲ್ಲಾಳಿ ಅಂಗಡಿ, ರೈಲು ನಿಲ್ದಾಣ. ಪಕ್ಕದ ಹರಿಹರ ನಿಮ್ಮ ನ್ಯಾಯದ ಗಡಿ. ತುಂಗಭದ್ರೆಯ ಸೇತುವೆ ದಾಟಿದರೆ ಮೈಸೂರು ಮುಗಿದು ಮುಂಬಯಿ ಪ್ರಾಂತ್ಯ ಶುರುವಾಗುತ್ತಿತ್ತು. ಈ ದಡದ ಹರಿಹರದವನ ಮೇಲ್ಮನವಿ ಬೆಂಗಳೂರಿನ ಅಠಾರಾ ಕಚೇರಿಗೆ, ನಿಮ್ಮ ಮುಂದೆ ಬರಬೇಕು. ಆ ದಡದ ರಾಣೆಬೆನ್ನೂರಿನವನದು ಮುಂಬಯಿ ಹೈಕೋರ್ಟಿಗೆ ಹೋಗಬೇಕು. ಆಡುವ ಕನ್ನಡ ಒಂದೇ, ಹೊಲದ ಬೆಳೆ ಒಂದೇ, ಕೋರ್ಟು ಮಾತ್ರ ಬೇರೆ. ನಾನು ಈ ದಡದವಳು. ದಾವಣಗೆರೆಯಲ್ಲಿ ವಕೀಲಿ ಮಾಡುತ್ತೇನೆ.

ನಿಮ್ಮ ಹೆಸರು ನಮ್ಮೂರಲ್ಲಿ ಈಗಲೂ ಇದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ಅದನ್ನು ಉರು ಹೊಡೆಯುತ್ತಾರೆ: ಮಿಲ್ಲರ್ ಸಮಿತಿ ರಚನೆಯಾದ ವರ್ಷ ಯಾವುದು? ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ಸರಿಯುತ್ತರ 1918. ಒಂದು ಅಂಕ. ಆ ಒಂದು ಅಂಕದ ಹಿಂದೆ ಒಬ್ಬ ನ್ಯಾಯಾಧೀಶ ಇದ್ದ, ಅವನಿಗೆ ಒಂದು ಕೆಲಸ ಒಪ್ಪಿಸಲಾಗಿತ್ತು, ಅವನು ಕೂತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ನಮ್ಮ ವಕೀಲರ ನಡುವೆಯೂ ಅಷ್ಟೇ. ಮೀಸಲಾತಿಯ ಮಾತು ಬಂದರೆ ಬಾಲಾಜಿ ಪ್ರಕರಣ, ಇಂದ್ರಾ ಸಾಹ್ನಿ ಪ್ರಕರಣ ಎಲ್ಲರ ನಾಲಿಗೆಯ ತುದಿಯಲ್ಲಿವೆ. ಅವೆರಡಕ್ಕೂ ದಾರಿ ತೆರೆದ ನೀವು ಕಾಣೆಯಾಗಿದ್ದೀರಿ. ಹಾಗಾಗಿ ಈ ಪತ್ರ.

ನೀವು ಐಸಿಎಸ್ ಅಧಿಕಾರಿ. ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದು ಆಮೇಲೆ ಮೈಸೂರಿನ ಚೀಫ್ ಕೋರ್ಟಿಗೆ ಬಂದಿರಿ. 1884ರಲ್ಲಿ ಶುರುವಾದ ಆ ಕೋರ್ಟಿಗೆ ಹೈಕೋರ್ಟ್ ಎಂಬ ಹೆಸರು ಸಿಕ್ಕಿದ್ದು 1930ರಲ್ಲಿ, ನಿಮ್ಮ ಕಾಲ ಮುಗಿದ ಮೇಲೆ. ಬರೀ ತೀರ್ಪು ಬರೆದುಕೊಂಡು ಇದ್ದಿದ್ದರೆ ನಿಮ್ಮ ಹೆಸರು ಹಳೆಯ ವರದಿ ಸಂಪುಟಗಳಲ್ಲಿ ಉಳಿದು ನನಗೆ ಇಷ್ಟು ಬರೆಯುವ ಕಾರಣ ಇರುತ್ತಿರಲಿಲ್ಲ. 1918ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಅಹವಾಲು ತಂದರು: ಸರ್ಕಾರಿ ನೌಕರಿಯಲ್ಲಿ ನಮ್ಮವರು ಇಲ್ಲವೇ ಇಲ್ಲ. ಮಾತು ಸುಳ್ಳಾಗಿರಲಿಲ್ಲ. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣ ಸಮುದಾಯ ಸಂಸ್ಥಾನದ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೊಂದಿತ್ತು. ಆ ವರ್ಷ ಆಗಸ್ಟಿನಲ್ಲಿ ಮಹಾರಾಜರು ನಿಮ್ಮ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಎಂ. ಬಸವಯ್ಯ, ಎಚ್. ಚೆನ್ನಯ್ಯ, ಗುಲಾಂ ಅಹಮದ್ ಕಲಾಮಿಯಂಥವರು ಸದಸ್ಯರು.

ನಿಮಗೆ ಒಪ್ಪಿಸಿದ ಪ್ರಶ್ನೆಗಳನ್ನು ವಕೀಲೆಯ ಕಣ್ಣಿನಿಂದ ಓದಿದ್ದೇನೆ. ನೇಮಕಾತಿ ನಿಯಮಗಳಲ್ಲಿ ಏನು ಬದಲಾಗಬೇಕು? ಹಿಂದುಳಿದವರ ಉನ್ನತ ಶಿಕ್ಷಣಕ್ಕೆ ಏನು ನೆರವು ಕೊಡಬೇಕು? ಆಡಳಿತದ ದಕ್ಷತೆಗೆ ಹೆಚ್ಚು ಧಕ್ಕೆಯಾಗದಂತೆ ಅವರ ಸಂಖ್ಯೆ ಹೆಚ್ಚಿಸಲು ಇನ್ನೇನು ಮಾಡಬಹುದು? ಈ ಮೂರನೆಯದರಲ್ಲೇ ಗಂಟಿತ್ತು. ದಕ್ಷತೆ ಕೆಡುತ್ತದೆ ಎಂದು ಒಪ್ಪಿಕೊಂಡೇ, ಎಷ್ಟು ಕೆಟ್ಟರೆ ಪರವಾಗಿಲ್ಲ ಹೇಳಿ ಎಂದು ಕೇಳಿದ ಹಾಗಿತ್ತು ಅದು. ಬೇರೆ ಯಾರಾದರೂ ಆಗಿದ್ದರೆ ಪ್ರಶ್ನೆಯನ್ನು ಹಾಗೇ ತಲೆಮೇಲೆ ಹೊತ್ತು, ಸ್ವಲ್ಪ ಕೊಡಿ ಸ್ವಲ್ಪ ಉಳಿಸಿಕೊಳ್ಳಿ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನೀವು ಪ್ರಶ್ನೆಯ ಒಳಗಿನ ನಂಬಿಕೆಯನ್ನೇ ತೆಗೆದು ಮೇಜಿನ ಮೇಲಿಟ್ಟಿರಿ. ದಕ್ಷತೆಯನ್ನು ಓದಿನ ಅರ್ಹತೆಯೊಂದರಿಂದಲೇ ಆಗಲಿ, ಮುಖ್ಯವಾಗಿ ಅದರಿಂದಲೇ ಆಗಲಿ ಅಳೆಯಲಾಗದು ಎಂದಿರಿ. ಆಡಳಿತದ ಎಷ್ಟೋ ಕೆಲಸಗಳಲ್ಲಿ ಜನರ ಬಗ್ಗೆ ಮರುಕ, ನಿಯತ್ತು, ಚುರುಕು, ಸಾಮಾನ್ಯ ತಿಳುವಳಿಕೆ ಇವೆಲ್ಲ ಪುಸ್ತಕದ ಪಾಂಡಿತ್ಯದಷ್ಟೇ ತೂಗುತ್ತವೆ ಎಂದಿರಿ. ಸ್ವತಃ ನೀವು ಏರಿಬಂದ ಐಸಿಎಸ್ ಮೆಟ್ಟಿಲಿನ ಪರೀಕ್ಷೆ ಆಗ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ ಮಾತ್ರ. ಸಮುದ್ರ ದಾಟಲು ದುಡ್ಡಿಲ್ಲದ ಹಿಂದೂಸ್ತಾನದ ಹುಡುಗನಿಗೆ ಆ ಪರೀಕ್ಷೆ ಇದ್ದೂ ಇಲ್ಲದಂತೆ. ಅಂಥ ಪರೀಕ್ಷೆಯಲ್ಲಿ ಗೆದ್ದು ಬಂದವರು ಪರೀಕ್ಷೆಯೇ ಎಲ್ಲವೂ ಎನ್ನಲಿಲ್ಲ. ಅದಕ್ಕಾಗಿ ನಿಮ್ಮ ಬಗ್ಗೆ ನನಗಿರುವ ಗೌರವ ಬಹಳ ದೊಡ್ಡದು.

ನಿಮಗೆ ಎದುರಾಗಿದ್ದವರು ಸಣ್ಣವರೇನಲ್ಲ. ದಿವಾನ್ ವಿಶ್ವೇಶ್ವರಯ್ಯನವರು. ಈ ನಾಡಿಗೆ ಅವರು ಕೊಟ್ಟದ್ದನ್ನು ಯಾರೂ ಮರೆಯುವಂತಿಲ್ಲ, ನಾನೂ ಮರೆತಿಲ್ಲ. ಮೊದಲು ಶಾಲೆ ಕೊಡಿ, ವಿದ್ಯಾರ್ಥಿವೇತನ ಕೊಡಿ, ಹುದ್ದೆ ಮಾತ್ರ ಯೋಗ್ಯತೆಯಿಂದಲೇ ಬರಲಿ ಎಂಬುದು ಅವರ ನಿಲುವು. ಸಮಿತಿ ನೇಮಕವಾದ ಕೆಲವೇ ತಿಂಗಳಲ್ಲಿ, 1918ರ ಡಿಸೆಂಬರಿನಲ್ಲಿ, ಅವರು ದಿವಾನಗಿರಿ ಬಿಟ್ಟರು. ಅವರ ಮಾತಿನ ಅರ್ಧಭಾಗವನ್ನು ನೀವೂ ಒಪ್ಪಿದ್ದಿರಿ. ನಿಮಗೆ ಒಪ್ಪಿಸಿದ ಕೆಲಸದಲ್ಲೇ ಓದಿನ ನೆರವಿನ ಮಾತಿತ್ತು. ನೀವು ಒಪ್ಪದೇ ಇದ್ದದ್ದು ಕಾಯುವ ಲೆಕ್ಕವನ್ನು. ಓದಿ ಮುಂದೆ ಬಂದ ಮೇಲೆ ನೋಡೋಣ ಎಂದರೆ ಯಾವಾಗ? ಹಾಗಾಗಿ ಗಡುವು ಹಾಕಿದಿರಿ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕು. 1919ರಲ್ಲಿ ವರದಿ, 1921ರ ಮೇ ತಿಂಗಳಲ್ಲಿ ಸರ್ಕಾರದ ಹುಕುಂ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆ ಮೀಸಲಿಟ್ಟಿದ್ದರು. ಮದ್ರಾಸಿನ ಜಸ್ಟಿಸ್ ಪಕ್ಷದ ಸರ್ಕಾರ ತನ್ನ ಮೊದಲ ಕಮ್ಯುನಲ್ ಜಿ.ಓ. ಹೊರಡಿಸಿದ್ದು ನಿಮ್ಮ ಹುಕುಂ ಬಂದ ವರ್ಷವೇ, ಸೆಪ್ಟೆಂಬರಿನಲ್ಲಿ.

ಇದೇ ಕಾಲದಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ ನಡೆದದ್ದನ್ನು ನೀವು ಪತ್ರಿಕೆಯಲ್ಲಿ ಓದಿದ್ದಿರಬಹುದು. ನಾನು ಅದನ್ನು ನಿಮ್ಮ ಕಥೆಯ ಜೊತೆಗಿಟ್ಟೇ ಓದುತ್ತೇನೆ. 1916ರ ಜನವರಿ 28ರಂದು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಲೂಯಿಸ್ ಬ್ರಾಂಡೀಸ್ ಎಂಬ ವಕೀಲರನ್ನು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ಯಹೂದಿಯೊಬ್ಬರು ಆ ಪೀಠಕ್ಕೆ ಬರುತ್ತಿದ್ದದ್ದು ಅದೇ ಮೊದಲು. ಬ್ರಾಂಡೀಸ್ ಸುಮ್ಮನೆ ಕೂರುವ ವಕೀಲರಾಗಿರಲಿಲ್ಲ. ಕೆಲಸಗಾರ ಹೆಂಗಸರ ದುಡಿಮೆಯ ಗಂಟೆಗೆ ಮಿತಿ ಹಾಕಿದ ಒರೆಗಾನ್ ರಾಜ್ಯದ ಕಾನೂನನ್ನು ಸಮರ್ಥಿಸಲು 1908ರಲ್ಲಿ ಅವರು ಸಲ್ಲಿಸಿದ ಲಿಖಿತ ವಾದದಲ್ಲಿ ಕಾನೂನಿನ ಮಾತು ಒಂದೆರಡು ಪುಟ. ಉಳಿದ ನೂರಕ್ಕೂ ಹೆಚ್ಚು ಪುಟಗಳಲ್ಲಿ ವೈದ್ಯರ, ಕಾರ್ಖಾನೆ ತಪಾಸಣೆ ಅಧಿಕಾರಿಗಳ ವರದಿಗಳು. ಬದುಕು ಹೇಗಿದೆ ಎಂದು ಕೋರ್ಟಿಗೆ ತೋರಿಸಿ ಆಮೇಲೆ ಕಾನೂನು ಮಾತಾಡುವ ಪದ್ಧತಿಯನ್ನು ನಾವು ವಕೀಲರು ಅವರಿಂದ ಕಲಿತೆವು.

ಅವರ ನೇಮಕದ ವಿರುದ್ಧ ದೊಡ್ಡವರೆಲ್ಲ ಒಟ್ಟಾದರು. ಮಾಜಿ ಅಧ್ಯಕ್ಷ ಟಾಫ್ಟ್ ಇದ್ದರು, ಹಾರ್ವರ್ಡ್ ವಿಶ್ವವಿದ್ಯಾಲಯದ ಮುಖ್ಯಸ್ಥ ಲೋವೆಲ್ ಇದ್ದರು. ಸುಪ್ರೀಂ ಕೋರ್ಟಿನ ನೇಮಕವೊಂದಕ್ಕೆ ಅಲ್ಲಿನ ಸೆನೆಟ್ ಬಹಿರಂಗ ವಿಚಾರಣೆ ನಡೆಸಿದ್ದು ಆಗಲೇ ಮೊದಲು. ನಾಲ್ಕು ತಿಂಗಳು ಎಳೆದಾಟ. ಯಹೂದಿ ಬೇಡ ಎಂದು ಬಾಯಿಬಿಟ್ಟು ಹೇಳಿದವರು ಕಡಿಮೆ. ಸ್ವಭಾವ ಸರಿಯಿಲ್ಲ, ನ್ಯಾಯಪೀಠಕ್ಕೆ ತಕ್ಕವರಲ್ಲ, ಯೋಗ್ಯತೆ ಸಾಲದು ಎಂದೇ ಹೆಚ್ಚಿನವರು ಹೇಳಿದ್ದು. ಜೂನ್ 1ರಂದು 47ಕ್ಕೆ 22 ಮತಗಳಿಂದ ನೇಮಕ ಖಾಯಂ ಆಯಿತು. ಆಮೇಲೂ ಅದೇ ಪೀಠದಲ್ಲಿದ್ದ ಮೆಕ್‌ರೆನಾಲ್ಡ್ಸ್ ಎಂಬ ನ್ಯಾಯಮೂರ್ತಿ ಬ್ರಾಂಡೀಸರೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಯೋಗ್ಯತೆಯ ಮಾತು ಎತ್ತುವವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಆ ಮಾತನ್ನು ಯಾವಾಗ ಎತ್ತುತ್ತಾರೆ, ಯಾರು ಬಾಗಿಲಲ್ಲಿ ಬಂದು ನಿಂತಾಗ ಎತ್ತುತ್ತಾರೆ ಎಂದು ಮಾತ್ರ ನೋಡುತ್ತೇನೆ.

ನಿಮ್ಮ ಹುಕುಂ ನಮ್ಮ ಮನೆಗೆ ಹೇಗೆ ಬಂತೆಂದು ಹೇಳುತ್ತೇನೆ. ನಮ್ಮದು ಹರಿಹರ ತಾಲ್ಲೂಕಿನ ಕುರಿ ಕಾಯುವ ಮನೆತನ. ನಮ್ಮಜ್ಜ ಎಲ್.ಎಸ್. ಪಾಸು ಮಾಡಿದ್ದರು, ಲೋಯರ್ ಸೆಕೆಂಡರಿ. ನಮ್ಮ ಹಟ್ಟಿಯಲ್ಲಿ ಅಷ್ಟು ಓದಿದವರು ಅವರೊಬ್ಬರೇ. 1920ರ ದಶಕದ ಕೊನೆಯ ಹೊತ್ತಿಗೆ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಅಕ್ಷರ ದುಂಡಗಿತ್ತು, ಲೆಕ್ಕ ಗಟ್ಟಿಯಿತ್ತು. ಕುಡಿಯುವ ನೀರಿಗೆ ಮಾತ್ರ ಅವರು ಮನೆಯಿಂದಲೇ ಚೊಂಬು ತಗೊಂಡು ಹೋಗಬೇಕಾಗಿತ್ತು, ಕಚೇರಿಯ ಕೊಡ ಮುಟ್ಟುವಂತಿರಲಿಲ್ಲ. ಅದನ್ನು ಅಜ್ಜ ಸಿಟ್ಟಿನಿಂದ ಹೇಳಿದ್ದನ್ನು ನಾನು ಕೇಳಲಿಲ್ಲ. ಹೆಚ್ಚು ಹೇಳುತ್ತಿದ್ದದ್ದು ಬೇರೆ ಸಂಗತಿ. ಆ ಕಚೇರಿಗೆ ಕಂದಾಯ ಕಟ್ಟಲು, ಪಹಣಿ ಕೇಳಲು ಬರುವ ರೈತರು ಹೊರಗಿನ ಕಟ್ಟೆಯ ಕೆಳಗೆ ನಿಂತೇ ಇರುತ್ತಿದ್ದರಂತೆ. ಕಂಬಳಿ ಹೊದ್ದವನು ಒಳಗೆ ಬಂದರೆ ಬೈಸಿಕೊಳ್ಳುತ್ತೇನೆ ಎಂಬ ಭಯ. ಮೂರ್ನಾಲ್ಕು ಸಲ ಬಂದು, ಕೇಳಲಾರದೆ ಹಾಗೇ ವಾಪಸ್ ಹೋದವರಿದ್ದರು. ಅಜ್ಜ ತಾವೇ ಎದ್ದು ಕಟ್ಟೆಗೆ ಬಂದು, "ಯಾಕಪ್ಪ ಹೊರಗೆ ನಿಂತೀಯ, ಒಳಗೆ ಬಾ, ಯಾವ ಊರು, ಯಾರ ಮಗ?" ಎಂದು ಕೇಳುತ್ತಿದ್ದರು. ಯಾರ ಮಗ ಎಂದು ಗೊತ್ತಾದರೆ ಯಾವ ಹೊಲ, ಯಾವ ಪಾಲು, ಯಾವ ಅಣ್ಣತಮ್ಮಂದಿರ ಜಗಳ ಎಲ್ಲವೂ ಅವರಿಗೆ ಗೊತ್ತಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಅರ್ಜಿ ಬರೆದು ಮುಗಿಯುತ್ತಿತ್ತು. ಮರುಕ ಮತ್ತು ಸಾಮಾನ್ಯ ತಿಳುವಳಿಕೆ ಎಂದು ನೀವು ವರದಿಯಲ್ಲಿ ಬರೆದದ್ದು ನನಗೆ ಅರ್ಥವಾಗಿದ್ದು ಹೀಗೆ. ಆ ಕಚೇರಿಯ ದಕ್ಷತೆ ನಮ್ಮಜ್ಜನಿಂದ ಹೆಚ್ಚಾಯಿತು. ಇದನ್ನು ಯಾವ ಕೋರ್ಟಿನಲ್ಲಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ನಿಮ್ಮ ವರದಿಯ ಕೊರತೆಯನ್ನೂ ಹೇಳದೆ ಹೋದರೆ ನಿಮಗೇ ಅನ್ಯಾಯ. ಬ್ರಾಹ್ಮಣರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು ಎಂದು ನೀವು ಗೆರೆ ಎಳೆದಿರಿ. ಆ ಗೆರೆಯ ಒಳಗೆ ನೂರಾರು ಎಕರೆಯ ಜಮೀನ್ದಾರನೂ ಬಂದ, ದೊಡ್ಡ ಮಠದ ಭಕ್ತನೂ ಬಂದ, ಅವರ ಹೊಲದಲ್ಲಿ ಕೂಲಿ ಮಾಡುವವನೂ ಬಂದ. ಬಾಗಿಲು ತೆರೆದಾಗ ಹತ್ತಿರ ನಿಂತವರು ಮೊದಲು ಒಳಗೆ ಹೋಗುವುದು ಸಹಜ. ಸಂಖ್ಯೆ, ಭೂಮಿ, ಮಠ, ಹಾಸ್ಟೆಲು ಇದ್ದ ಸಮುದಾಯಗಳು ಮುಂದೆ ಬಂದವು. ಕುಂಬಾರ, ಮಡಿವಾಳ, ಹಡಪದ, ಉಪ್ಪಾರ, ದೊಂಬರವರು ಹಿಂದೆಯೇ ಉಳಿದರು. ಹಾಸ್ಟೆಲುಗಳ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಚಿತ್ರದುರ್ಗ ಮುರುಘಾಮಠದ ಜಯದೇವ ಜಗದ್ಗುರುಗಳು ಉಚಿತ ಪ್ರಸಾದ ನಿಲಯ ಕಟ್ಟಿಸದೇ ಇದ್ದಿದ್ದರೆ ಎಷ್ಟು ಬಡಮಕ್ಕಳ ಓದು ನಿಲ್ಲುತ್ತಿತ್ತೋ. ಅಂಥ ಒಬ್ಬ ಗುರು ಸಿಗದ ಜಾತಿಗಳು ಏನು ಮಾಡಬೇಕಿತ್ತು ಎಂಬುದೇ ನನ್ನ ಪ್ರಶ್ನೆ.

ಉತ್ತರ ಬಂದದ್ದು ನದಿಯ ಆ ದಡದಿಂದ. 1927ರಲ್ಲಿ, ನಿಮ್ಮ ಹುಕುಂ ಬಂದು ಆರು ವರ್ಷಕ್ಕೆ, ರಾಣೆಬೆನ್ನೂರಿನ ಒಂದು ನಾಯಕ ಕುಟುಂಬದಲ್ಲಿ ಲಕ್ಷ್ಮಣ ಹಾವನೂರ ಹುಟ್ಟಿದರು. ನಿಮ್ಮ ಕೋರ್ಟಿನ ಗಡಿಯಿಂದ ಸ್ವಲ್ಪವೇ ಆಚೆ. ಅವರೂ ವಕೀಲರಾದರು. 1956ರಲ್ಲಿ ಎರಡೂ ದಡ ಒಂದೇ ರಾಜ್ಯವಾದವು, ಒಂದೇ ಹೈಕೋರ್ಟಾಯಿತು. ಅಷ್ಟು ಹೊತ್ತಿಗೆ ನಿಮ್ಮ ಗೆರೆ ಸವೆದಿತ್ತು. ಹಿಂದುಳಿದವರು ಯಾರೆಂದು ಹೊಸದಾಗಿ ಗುರುತಿಸಲು ನಾಗನಗೌಡ ಸಮಿತಿ ಕೂತಿತು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ನೂರಕ್ಕೆ 68 ಪಾಲು ಮೀಸಲಿಟ್ಟ ಆದೇಶವನ್ನು 1962ರ ಸೆಪ್ಟೆಂಬರಿನಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅರ್ಧ ಮೀರಬಾರದು ಎಂಬ ಮಾತು ಅಲ್ಲಿಂದ ಬಂತು. 1972ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಅವರು ಹಾವನೂರರನ್ನು ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿದರು. 1975ರ ನವೆಂಬರಿನಲ್ಲಿ ಬಂದ ವರದಿಯಲ್ಲಿ ಹಾವನೂರರು ನೀವು ಒಂದೇ ಚೀಲಕ್ಕೆ ತುಂಬಿದ್ದನ್ನು ಸುರಿದು ಬೇರೆ ಬೇರೆ ಮಾಡಿದರು. ಯಾವ ಜಾತಿಯವರು ಎಷ್ಟು ಜನ ಓದಿದ್ದಾರೆ, ನೌಕರಿಯಲ್ಲಿ ಎಷ್ಟಿದ್ದಾರೆ ಎಂದು ಸಮೀಕ್ಷೆ ಮಾಡಿಸಿ, ಹೆಸರನ್ನೇ ಯಾರೂ ಕೇಳದಿದ್ದ ಸಣ್ಣ ಸಣ್ಣ ಜಾತಿಗಳನ್ನು ಸರ್ಕಾರದ ಪುಟಕ್ಕೆ ತಂದರು. ಬಲಾಢ್ಯರು ಸಿಟ್ಟಾದರು. ಹಾವನೂರರು ಜಗ್ಗಲಿಲ್ಲ. ನೀವು ಶುರುಮಾಡಿದ ಕೆಲಸವನ್ನು ನಿಮಗಿಂತ ಚೆನ್ನಾಗಿ ಮಾಡಿದವರು ಅವರು. ಈ ಮಾತಿಗೆ ನೀವು ಬೇಸರ ಮಾಡಿಕೊಳ್ಳುವವರಲ್ಲ ಎಂದುಕೊಂಡಿದ್ದೇನೆ.

ಈಗಿನ ಹರಿಹರವನ್ನು ನೀವು ನೋಡಬೇಕು. ಹೊಯ್ಸಳರ ಸೇನಾನಿ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದಲ್ಲಿ ಶಿವ ವಿಷ್ಣು ಇಬ್ಬರೂ ಒಂದೇ ವಿಗ್ರಹ. ಅದೇ ಊರಿನಲ್ಲಿ ಈಗ ಪಂಚಮಸಾಲಿ ಗುರುಪೀಠ ಇದೆ. ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ, ಬೆಳ್ಳೂಡಿಯಲ್ಲಿ ಕನಕ ಗುರುಪೀಠದ ಮಠ. ನೀವು ಎತ್ತಿಕೊಂಡ ಪ್ರಶ್ನೆ ಈ ಮಠಗಳ ಅಂಗಳದಲ್ಲೇ ಈಗಲೂ ನಡೆಯುತ್ತಿದೆ. ಪಂಚಮಸಾಲಿಗಳದು ತಮ್ಮನ್ನು ಹಿಂದುಳಿದವರ ಪ್ರವರ್ಗ 2ಎಗೆ ಸೇರಿಸಬೇಕೆಂಬ ಬೇಡಿಕೆ. 2019ರ ಜೂನಿನಲ್ಲಿ ವಾಲ್ಮೀಕಿ ಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ ಪರಿಶಿಷ್ಟ ಪಂಗಡದ ಮೀಸಲಾತಿ ಹೆಚ್ಚಿಸಬೇಕೆಂದು ರಾಜನಹಳ್ಳಿಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. 2022ರಲ್ಲಿ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಆ ವರ್ಷ ಅಕ್ಟೋಬರಿನಲ್ಲಿ ಸರ್ಕಾರ ಪರಿಶಿಷ್ಟ ಪಂಗಡದ ಪಾಲನ್ನು ಶೇ 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದನ್ನು 15ರಿಂದ 17ಕ್ಕೆ ಏರಿಸುವ ತೀರ್ಮಾನ ಮಾಡಿತು.

ಮಠಗಳಿಗಿಂತ ನಾನು ಹೆಚ್ಚು ನೋಡುವುದು ನಾಡಕಚೇರಿಯ ಸಾಲನ್ನು. ಪಿಯುಸಿ ಫಲಿತಾಂಶ ಬಂದ ಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹುಡುಗ ಹುಡುಗಿಯರು ಬೆಳಿಗ್ಗೆಯೇ ಬಂದು ನಿಲ್ಲುತ್ತಾರೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಆಧಾರ್, ಟಿಸಿಯ ಜೆರಾಕ್ಸ್. ಸರ್ವರ್ ಡೌನ್ ಎಂದರೆ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಪ್ರಮಾಣಪತ್ರದ ಆರ್‌ಡಿ ನಂಬರ್ ಬಂದ ಕೂಡಲೇ ಫೋಟೋ ಹೊಡೆದು ಅಪ್ಪನಿಗೆ ವಾಟ್ಸಾಪ್ ಮಾಡುತ್ತಾರೆ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಕಂಪ್ಯೂಟರ್ ಮುದ್ರಿಸಿ ಕೊಡುವ ಆ ಹಾಳೆಯ ವಂಶಾವಳಿ ಹುಡುಕಿಕೊಂಡು ಹೋದರೆ ಅಠಾರಾ ಕಚೇರಿಯ ನಿಮ್ಮ ಮೇಜು ಸಿಗುತ್ತದೆ. ಕಳೆದ ವರ್ಷ ಹಡಪದ ಸಮಾಜದ ಒಬ್ಬ ಹುಡುಗಿ ಕಾನೂನು ಓದುತ್ತೇನೆಂದು ಸಲಹೆ ಕೇಳಲು ನನ್ನ ಚೇಂಬರಿಗೆ ಬಂದಿದ್ದಳು. "ಮೇಡಂ, ಜಡ್ಜ್ ಆಗೋಕೂ ರಿಸರ್ವೇಶನ್ ಐತಾ?" ಎಂದಳು.

ಕೆಳಗಿನ ಕೋರ್ಟಿನ ಸಿವಿಲ್ ಜಡ್ಜ್ ನೇಮಕದಲ್ಲಿ ಇದೆ, ಹೈಕೋರ್ಟು ಸುಪ್ರೀಂ ಕೋರ್ಟಿನಲ್ಲಿ ಇಲ್ಲ ಎಂದು ಹೇಳಿದೆ. ಇನ್ನಷ್ಟು ಹೇಳಬೇಕಿತ್ತು, ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. 2018ರಿಂದ 2024ರ ಜುಲೈವರೆಗೆ ದೇಶದ ಹೈಕೋರ್ಟುಗಳಿಗೆ ನೇಮಕವಾದ 661 ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು 21, ಪರಿಶಿಷ್ಟ ಪಂಗಡದವರು 12, ಹಿಂದುಳಿದ ವರ್ಗದವರು 78. ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ಹೆಂಗಸರು ಇತ್ತೀಚೆಗೆ ಕಾಣುತ್ತಿದ್ದಾರೆ. ನಮ್ಮ ಬಿ.ವಿ. ನಾಗರತ್ನ ಅವರು 2021ರ ಆಗಸ್ಟ್ 31ರಂದು ಇನ್ನಿಬ್ಬರು ಮಹಿಳೆಯರ ಜೊತೆಗೆ ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ದಾವಣಗೆರೆಯ ನಾವು ಕೆಲವು ವಕೀಲೆಯರು ಸಿಹಿ ಹಂಚಿದೆವು. ಅವರ ತಂದೆ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮಗಳ ಯೋಗ್ಯತೆಯ ಬಗ್ಗೆ ನನಗೆ ಸಂಶಯವೇ ಇಲ್ಲ. ಕೋರ್ಟಿನ ಮಾತು ಮನೆಯಲ್ಲೇ ಕೇಳುತ್ತ ಬೆಳೆದವರಿಗೂ ಹಡಪದ ಹುಡುಗಿಗೂ ಇರುವ ದೂರದ ಬಗ್ಗೆ ನನ್ನ ಮಾತು.

ನ್ಯಾಯಮೂರ್ತಿಗಳನ್ನು ಈಗ ನ್ಯಾಯಮೂರ್ತಿಗಳೇ, ಕೊಲಿಜಿಯಂನಲ್ಲಿ ಕೂತು, ಆರಿಸುತ್ತಾರೆ. 1993ರಿಂದ ಹೀಗಿದೆ. ಬದಲಿಸಲು ತಂದ ನೇಮಕಾತಿ ಆಯೋಗದ ಕಾನೂನನ್ನು 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸರ್ಕಾರದ ಕೈಗೆ ಹೋದರೆ ನ್ಯಾಯಾಂಗದ ಸ್ವಾತಂತ್ರ್ಯ ಹೋಗುತ್ತದೆ ಎಂಬ ಭಯ ನನಗೂ ಇದೆ, ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಬ್ರಾಂಡೀಸರ ವಿಷಯದಲ್ಲಿ ಆದಂತೆ ಬಹಿರಂಗವಾಗಿ ಬೈಸಿಕೊಳ್ಳುವ ಅವಕಾಶ ಕೂಡ ನಮ್ಮಲ್ಲಿ ಯಾರಿಗೂ ಇಲ್ಲ. ಬೈದವರ ಮಾತು ದಾಖಲಾಗಿ ಉಳಿದದ್ದರಿಂದಲೇ ಅವರ ವಾದ ಎಷ್ಟು ಪೊಳ್ಳೆಂದು ನಾವು ಇವತ್ತು ಓದಿ ತಿಳಿಯುತ್ತೇವೆ. ಇಲ್ಲಿ ಯಾರ ಹೆಸರು ಬಂತು, ಯಾರದು ಬಿತ್ತು, ಯಾಕೆ ಬಿತ್ತು ಎಂಬುದು ಬಹುಮಟ್ಟಿಗೆ ಮುಚ್ಚಿದ ಕೋಣೆಯಲ್ಲೇ ಉಳಿಯುತ್ತದೆ. ದಾವಣಗೆರೆಯಂಥ ಊರಿನಲ್ಲಿ ಮೂವತ್ತು ವರ್ಷ ಚೆನ್ನಾಗಿ ವಕೀಲಿ ಮಾಡಿದವರ ಹೆಸರು ಆ ಕೋಣೆಯವರೆಗೆ ಹೋಗುವುದು ಬಲು ಅಪರೂಪ.

ನಿಮಗೆ ಒಪ್ಪಿಸಿದ್ದು ಸರ್ಕಾರಿ ನೌಕರಿಯ ಪ್ರಶ್ನೆ. ನೀವು ಕೂತಿದ್ದ ಪೀಠದ ಬಗ್ಗೆ ನಿಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ದಕ್ಷತೆಗೆ ನೀವು ಕೊಟ್ಟ ಅಳತೆಯನ್ನು ನ್ಯಾಯಾಧೀಶನಿಗೂ ಹಾಕುತ್ತಿದ್ದಿರಾ? ಕಟ್ಟೆಯ ಕೆಳಗೆ ನಿಂತವನ ಭಯ ಏನೆಂದು ಬಲ್ಲವರು ಪೀಠದ ಮೇಲೂ ಇರಬೇಕು ಎನ್ನುತ್ತಿದ್ದಿರಾ? ನೀವು ಬರೆದದ್ದನ್ನು ಓದಿದರೆ ಹೌದೆನ್ನುತ್ತಿದ್ದಿರಿ ಎಂದೇ ನನಗೆ ತೋರುತ್ತದೆ, ಬಹುಶಃ ಅದಕ್ಕೂ ಏಳು ವರ್ಷದ ಗಡುವು ಹಾಕುತ್ತಿದ್ದಿರಿ.

ಆ ಹುಡುಗಿ ಈಗ ಕಾನೂನಿನ ಮೊದಲ ವರ್ಷದಲ್ಲಿದ್ದಾಳೆ. ಶನಿವಾರ ಮಧ್ಯಾಹ್ನ ಚೇಂಬರಿಗೆ ಬರುತ್ತಾಳೆ, ಜೊತೆಗೆ ಅವಳ ತರಗತಿಯ ಇನ್ನೂ ಮೂವರು. ಬಾಲಾಜಿ ತೀರ್ಪು ಓದಿ ಮುಗಿಸಿದ್ದೇವೆ. ಈ ಶನಿವಾರ ನಿಮಗೆ ಒಪ್ಪಿಸಿದ್ದ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇವೆ. ಮೂರನೆಯದನ್ನು ಹೈಕೋರ್ಟಿನ ನೇಮಕಕ್ಕೆ ಹೊಂದಿಸಿ ಹೊಸದಾಗಿ ಬರೆದು ತರಲು ಅವಳಿಗೆ ಹೇಳಿದ್ದೇನೆ.

ಗೌರವಪೂರ್ವಕ ನಮಸ್ಕಾರಗಳೊಂದಿಗೆ,

ದಾವಣಗೆರೆಯ ಒಬ್ಬ ವಕೀಲೆ